ಸಲನ್ ಹುಡುಗ ಎಂದು ಬರೆದರೆ ತಪ್ಪೇ? ಒಬ್ಬ ಶಿಕ್ಷಕಿಯ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಪಾಠ ಮಾಡುತ್ತೇನೆ. ಪ್ರತಿ ಮಗುವಿನ ಪ್ರಗತಿ ವರದಿಯಲ್ಲಿ ಒಂದೆರಡು ಸಾಲು ಇಂಗ್ಲಿಷಿನಲ್ಲಿ ಬರೆಯಬೇಕು. ಎಂಟನೇ ತರಗತಿಯ ಒಬ್ಬ ಹುಡುಗ ಓದಿನಲ್ಲಿ ಚುರುಕು. ಆದರೆ ಎಲ್ಲರ ಮುಂದೆ ತಪ್ಪು ತೋರಿಸಿದರೆ ಸಾಕು, ಮುಖ ಬಿಗಿದುಕೊಂಡು ಕೂತುಬಿಡುತ್ತಾನೆ. ಏನು ಕೇಳಿದರೂ ಮಾತಿಲ್ಲ. ಇದನ್ನು ಹೇಳಲು ವರದಿಯಲ್ಲಿ ‘ಹಿ ಈಸ್ ಎ ಸಲನ್ ಬಾಯ್’ ಎಂದು ಬರೆದೆ. ಅವನ ತಂದೆ ಫೋನಿನಲ್ಲಿ ಅರ್ಥ ಹುಡುಕಿದ್ದಾರೆ. ‘ಸಿಡುಕಿನ, ಮಂಕಾದ, ಜಡ’ ಎಂದೆಲ್ಲ ಬಂದಿದೆ. ‘ನನ್ನ ಮಗ ಜಡನಾ ಮೇಡಂ?’ ಎಂದು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ‘ಸಲ್ಕಿ’ ಅಂತ ಬರೆಯಬೇಕಿತ್ತು ಎಂದು ಒಬ್ಬ ಸಹೋದ್ಯೋಗಿ ಹೇಳುತ್ತಾರೆ, ಇನ್ನೊಬ್ಬರು ‘ಪೆಟ್ಯುಲಂಟ್’ ಎನ್ನುತ್ತಾರೆ, ಮತ್ತೊಬ್ಬರು ‘ಮೂಡಿ’ ಸಾಕಿತ್ತು ಎನ್ನುತ್ತಾರೆ. ಸಲನ್ ಪದದ ಸರಿಯಾದ ಅರ್ಥವೇನು? ಅದು ಬೈಗುಳವೇ? ನಾನು ಏನು ಬರೆಯಬೇಕಿತ್ತು? ನಮ್ಮ ಪಠ್ಯದಲ್ಲಿ ‘ಸಲನ್ ಸ್ಕೈ’ ಎಂದೂ ಇದೆ. ಆಕಾಶ ಹೇಗೆ ಸಲನ್ ಆಗುತ್ತದೆ?

ಉತ್ತರ:

ನಿಮ್ಮ ಪತ್ರದಲ್ಲಿ ಎರಡು ಚಿಂತೆ ಒಟ್ಟಿಗೆ ಸೇರಿವೆ. ಪದದ ಅರ್ಥ ತಪ್ಪಾಯಿತೇ ಎಂಬುದು ಒಂದು. ಒಂದು ಮಗುವಿನ ಬಗ್ಗೆ ತಪ್ಪು ಮಾತು ಬರೆದೆನೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸುಲಭ: ಅರ್ಥದ ಮಟ್ಟಿಗೆ ನೀವು ಆರಿಸಿದ ಪದ ಹೆಚ್ಚುಕಡಿಮೆ ಸರಿಯಾಗಿಯೇ ಇದೆ. ನಿಮ್ಮ ಸಹೋದ್ಯೋಗಿಗಳು ಹೇಳಿದ ಮೂರು ಪದಗಳಿಗಿಂತ ಅದೇ ಹತ್ತಿರ. ಎರಡನೆಯದಕ್ಕೆ ಸ್ವಲ್ಪ ಸಮಾಧಾನದಿಂದ ಉತ್ತರ ಹುಡುಕಬೇಕು. ಎಡವಟ್ಟಾಗಿರುವುದು ಪದದಲ್ಲಿ ಅಲ್ಲ, ಅದನ್ನು ಕೂರಿಸಿದ ಜಾಗದಲ್ಲಿ.

ಸಲನ್ ಎಂದರೆ ಒಳಗೆ ಅಸಮಾಧಾನ ಇಟ್ಟುಕೊಂಡು, ಅದನ್ನು ಬಾಯಿಬಿಟ್ಟು ಹೇಳದೆ, ಮುಖದಲ್ಲಿ ಮಾತ್ರ ತೋರಿಸುವ ಸ್ಥಿತಿ. ಇದರಲ್ಲಿ ಮೂರು ಸಂಗತಿ ಇರಲೇಬೇಕು. ಮನಸ್ಸಿನಲ್ಲಿ ಕಹಿ ಇರಬೇಕು. ಮಾತು ನಿಂತಿರಬೇಕು. ಆ ಮೌನ ಎದುರಿನವರಿಗೆ ಗೊತ್ತಾಗುವ ಹಾಗೆ ಇರಬೇಕು. ಯಾವುದಾದರೂ ಒಂದು ಇಲ್ಲದಿದ್ದರೆ ಬೇರೆ ಪದ ಹುಡುಕಬೇಕು. ಕಹಿ ಇಲ್ಲದೆ ಸುಮ್ಮನಿರುವವನು ‘ಕ್ವೈಟ್’ ಅಷ್ಟೇ. ಕಹಿ ಇದ್ದು ಕೂಗಾಡುವವನು ‘ಆಂಗ್ರಿ’. ಒಳಗೆ ನೊಂದಿದ್ದರೂ ಹೊರಗೆ ನಗುತ್ತಾ ಓಡಾಡುವವನಿಗೆ ಈ ಪದ ಹತ್ತಿರವೂ ಬರುವುದಿಲ್ಲ.

ಈ ಪದದ ಹುಟ್ಟು ತಿಳಿದರೆ ಅದರ ಗುಣ ಇನ್ನೂ ಚೆನ್ನಾಗಿ ಕಾಣುತ್ತದೆ. ಇದರ ಬೇರು ‘ಒಂಟಿ’ ಎಂಬ ಅರ್ಥದ ಲ್ಯಾಟಿನ್ ಪದ ‘ಸೋಲಸ್’. ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂತು. 14ನೇ ಶತಮಾನದಲ್ಲಿ ಇದರ ಹಳೆಯ ರೂಪಕ್ಕೆ ಒಂಟಿಯಾದ, ಏಕೈಕ ಎಂಬ ಅರ್ಥ ಇತ್ತು. ಜಗತ್ತಿಗೆ ಒಂದೇ ಒಂದು ಎಂದು ನಂಬಲಾದ ಫೀನಿಕ್ಸ್ ಹಕ್ಕಿಗೂ ಆ ಕಾಲದ ಕಾವ್ಯದಲ್ಲಿ ಇದೇ ಪದ ಬಳಸಿದ್ದಾರೆ. ಆಗ ಅದರಲ್ಲಿ ಬೈಗುಳದ ಸುಳಿವೇ ಇರಲಿಲ್ಲ. ಒಂಟಿಯಾಗಿ ಇರುವವನು, ಜನರಿಂದ ದೂರ ಇರುವವನು, ಜನ ಬೇಡವೆಂದು ಮುಖ ಗಂಟಿಕ್ಕಿಕೊಂಡವನು, ಹೀಗೆ ಅರ್ಥ ಮೆಲ್ಲಗೆ ಜಾರಿಕೊಂಡು ಬಂತು. ಇವತ್ತಿಗೂ ಆ ಒಂಟಿತನ ಪದದ ತಳದಲ್ಲಿ ಉಳಿದಿದೆ. ಸಲನ್ ಆಗಿ ಕೂತ ಮಗು ತರಗತಿಯ ನಡುವೆ ಇದ್ದರೂ ತನ್ನ ಸುತ್ತ ಬೇಲಿ ಹಾಕಿಕೊಂಡಿರುತ್ತದೆ. ನೀವು ಹೇಳಿದ ಹುಡುಗನ ಚಿತ್ರವೂ ಅದೇ ಅಲ್ವಾ?

ಈಗ ಆ ತಂದೆಯವರ ಫೋನು ತೋರಿಸಿದ ಅರ್ಥಗಳಿಗೆ ಬರೋಣ. ‘ಜಡ’ ಎಂಬುದು ಸುಳ್ಳಲ್ಲ, ಆದರೆ ಅದು ಬೇರೆ ಜಾಗಕ್ಕೆ ಸೇರಿದ್ದು. ನಿಧಾನಕ್ಕೆ, ಭಾರವಾಗಿ ಹರಿಯುವ ನೀರಿಗೆ ಇಂಗ್ಲಿಷಿನಲ್ಲಿ ಸಲನ್ ಎನ್ನುವುದುಂಟು. ಅಲ್ಲಿ ಜಡ ಎಂಬ ಅರ್ಥ ಒಪ್ಪುತ್ತದೆ. ‘ಮಂಕಾದ’ ಎಂಬುದು ಮೋಡ ಕವಿದ ದಿನಕ್ಕೆ, ಮಬ್ಬು ಬಣ್ಣಕ್ಕೆ ಒಪ್ಪುತ್ತದೆ. ಮನುಷ್ಯರ ವಿಷಯದಲ್ಲಿ ಎರಡೂ ಇಲ್ಲ. ಸಲನ್ ಎಂದರೆ ಬುದ್ಧಿ ಮಂದ ಎಂದು ಅರ್ಥವೇ ಇಲ್ಲ. ಇದನ್ನು ಅವರಿಗೆ ಖಂಡಿತವಾಗಿ ಹೇಳಿ. ಇಂಗ್ಲಿಷ್–ಕನ್ನಡ ನಿಘಂಟುಗಳು ಸಾಮಾನ್ಯವಾಗಿ ಒಂದು ಪದದ ಎಲ್ಲ ಅರ್ಥಗಳನ್ನೂ ಅಲ್ಪವಿರಾಮ ಹಾಕಿ ಒಂದೇ ಸಾಲಿನಲ್ಲಿ ಜೋಡಿಸುತ್ತವೆ. ಯಾವುದು ಮನುಷ್ಯನಿಗೆ, ಯಾವುದು ಆಕಾಶಕ್ಕೆ, ಯಾವುದು ನೀರಿಗೆ ಎಂದು ಬಿಡಿಸಿ ಹೇಳುವುದು ಕಡಿಮೆ. ಓದುವವರು ತಮ್ಮ ಮಗನ ಹೆಸರಿನ ಪಕ್ಕ ಆ ಸಾಲಿನ ಎಲ್ಲವನ್ನೂ ಇಟ್ಟುಕೊಂಡು ಓದುತ್ತಾರೆ. ನೋವಾಗದೆ ಇರುತ್ತದೆಯೇ?

ಇನ್ನು ಬೈಗುಳವೇ ಎಂಬ ಪ್ರಶ್ನೆ. ಅಲ್ಲ. ಇದು ಶಿಷ್ಟ ಇಂಗ್ಲಿಷ್ ಪದ. ಕಥೆ, ವರದಿ, ಪತ್ರಿಕೆ ಎಲ್ಲ ಕಡೆ ಬರುತ್ತದೆ. ಆದರೆ ಮೆಚ್ಚುಗೆ ಇಲ್ಲದ ಪದ. ಇಂಗ್ಲಿಷ್ ಕಲಿಯುವವರಿಗೆಂದೇ ಮಾಡಿದ ನಿಘಂಟುಗಳಲ್ಲಿ ಇಂಥ ಪದಗಳ ಪಕ್ಕ ‘ಡಿಸ್‌ಅಪ್ರೂವಿಂಗ್’ ಎಂಬ ಗುರುತು ಹಾಕುವ ರೂಢಿ ಇದೆ. ಹೇಳುವವರಿಗೆ ಆ ನಡವಳಿಕೆ ಇಷ್ಟವಾಗಿಲ್ಲ ಎಂದು ಅದರ ಸೂಚನೆ. ಅಂದರೆ ಸಲನ್ ಎಂದಾಗ ನೀವು ಮಗುವಿನ ಮುಖದ ವರ್ಣನೆಯ ಜೊತೆಗೆ ನಿಮ್ಮ ಅಭಿಪ್ರಾಯವನ್ನೂ ಸೇರಿಸಿರುತ್ತೀರಿ.

ಆ ಅಭಿಪ್ರಾಯ ಎಷ್ಟು ಗಟ್ಟಿ ಎಂದು ನೋಡಲು ಒಂದು ಸಣ್ಣ ವ್ಯಾಕರಣದ ಪರೀಕ್ಷೆ ಇದೆ. ನಾನು ಶಿಕ್ಷಕರ ತರಬೇತಿಯಲ್ಲಿ ಇದನ್ನು ಯಾವಾಗಲೂ ಮಾಡಿಸುತ್ತೇನೆ. ‘ಹಿ ಈಸ್ ಬೀಯಿಂಗ್’ ಎಂದು ಶುರು ಮಾಡಿ, ಮುಂದೆ ಗುಣವಾಚಕ ಹಾಕಿ ನೋಡಿ. ‘ಬೀಯಿಂಗ್ ಹಂಗ್ರಿ’ ಎಂದರೆ ಕಿವಿಗೆ ಸರಿ ಬರುವುದಿಲ್ಲ. ‘ಬೀಯಿಂಗ್ ಟಾಲ್’ ಅಂತೂ ಆಗುವುದೇ ಇಲ್ಲ. ಹಸಿವು, ಎತ್ತರ ನಮ್ಮ ಕೈಯಲ್ಲಿಲ್ಲ. ‘ಬೀಯಿಂಗ್ ರೂಡ್’, ‘ಬೀಯಿಂಗ್ ಸಿಲ್ಲಿ’ ಸರಾಗವಾಗಿ ಬರುತ್ತವೆ. ‘ಬೀಯಿಂಗ್ ಸಲನ್’, ‘ಬೀಯಿಂಗ್ ಸಲ್ಕಿ’ ಕೂಡ ಹಾಗೆಯೇ ಬರುತ್ತವೆ. ಮನಸ್ಸು ಮಾಡಿದರೆ ನಿಲ್ಲಿಸಬಹುದಾದ ನಡವಳಿಕೆಗೆ ಮಾತ್ರ ಇಂಗ್ಲಿಷ್ ಈ ರೂಪ ಕೊಡುತ್ತದೆ. ಹಾಗಾಗಿ ಸಲನ್ ಪದದೊಳಗೆ ‘ಬೇಕಂತಲೇ ಹೀಗೆ ಮಾಡುತ್ತಿದ್ದಾನೆ’ ಎಂಬ ಆರೋಪ ಅಡಗಿರುತ್ತದೆ. ಬರೆಯುವವರಿಗೆ ಅದು ಗೊತ್ತಾಗದೆ ಇರಬಹುದು. ಓದುವವರಿಗೆ ತಾಗುತ್ತದೆ.

ಈಗ ನಿಮ್ಮ ಸಹೋದ್ಯೋಗಿಗಳ ಪದಗಳು. ಇವೆಲ್ಲ ಒಂದೇ, ಯಾವುದನ್ನು ಹಾಕಿದರೂ ನಡೆಯುತ್ತದೆ ಎಂಬ ನಂಬಿಕೆ ತುಂಬ ಜನರಲ್ಲಿದೆ. ನಡೆಯುವುದಿಲ್ಲ.

ಸಲ್ಕಿ ಪದ ಸಲನ್‌ಗೆ ತೀರಾ ಹತ್ತಿರ. ಎರಡರಲ್ಲೂ ಮಾತು ನಿಲ್ಲುತ್ತದೆ. ಆದರೆ ಸಲ್ಕಿ ಎಂದಾಗ ಕಾರಣ ಚಿಕ್ಕದು, ಹೊತ್ತು ಚಿಕ್ಕದು, ವಯಸ್ಸೂ ಚಿಕ್ಕದು ಎಂಬ ಭಾವ ಇರುತ್ತದೆ. ಆಟಕ್ಕೆ ಸೇರಿಸಿಕೊಳ್ಳಲಿಲ್ಲ ಎಂದು ಮೂತಿ ಉಬ್ಬಿಸಿ ಮೂಲೆಯಲ್ಲಿ ಕೂತ ಮಗು ಸಲ್ಕಿ. ಯಾರಾದರೂ ಬಂದು ಕರೆಯಲಿ ಎಂಬ ಆಸೆ ಅದಕ್ಕಿದೆ. ಓರೆಗಣ್ಣಿನಲ್ಲಿ ನೋಡುತ್ತಿರುತ್ತದೆ. ಸಲನ್ ಆಗಿ ಕೂತವನು ಕರೆಯಲು ಬಂದವರ ಕಡೆಗೂ ತಿರುಗುವುದಿಲ್ಲ. ಅವನ ಕಹಿ ಇನ್ನೂ ಆಳಕ್ಕೆ ಇಳಿದಿರುತ್ತದೆ. ಸಲ್ಕಿ ಪದಕ್ಕೆ ಇನ್ನೊಂದು ಅನುಕೂಲ ಇದೆ. ಅದರ ಜೊತೆಗೆ ‘ಸಲ್ಕ್’ ಎಂಬ ಕ್ರಿಯಾಪದವೂ ಇದೆ. ‘ಹಿ ಈಸ್ ಸಲ್ಕಿಂಗ್’ ಎಂದರೆ ಈಗ ಮುನಿಸಿಕೊಂಡಿದ್ದಾನೆ, ಆಮೇಲೆ ಸರಿಹೋಗುತ್ತಾನೆ ಎಂಬ ಧ್ವನಿ ತಾನಾಗಿ ಬರುತ್ತದೆ. ಸಲನ್‌ಗೆ ಅಂಥ ಕ್ರಿಯಾಪದ ಬಳಕೆಯಲ್ಲಿಲ್ಲ. ಗುಣವಾಚಕ, ಅದರಿಂದಾದ ‘ಸಲನ್‌ಲಿ’, ‘ಸಲನ್‌ನೆಸ್’, ಇಷ್ಟೇ. ಆದರೆ ಹದಿಮೂರು, ಹದಿನಾಲ್ಕರ ಹುಡುಗನಿಗೆ ಸಲ್ಕಿ ಎಂದರೆ ‘ಚಿಕ್ಕ ಮಗುವಿನಂತೆ ಆಡುತ್ತಾನೆ’ ಎಂದಂತೆ. ಆ ವಯಸ್ಸಿನಲ್ಲಿ ಅದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ.

ಪೆಟ್ಯುಲಂಟ್ ನಿಮ್ಮ ಹುಡುಗನಿಗೆ ಒಪ್ಪುವುದೇ ಇಲ್ಲ. ಇದು ಸದ್ದಿನ ಪದ. ಕೇಳಿದ್ದು ಸಿಗಲಿಲ್ಲ ಎಂದು ಕೊಸರಾಡುವುದು, ಗೊಣಗುವುದು, ಚುಚ್ಚಿ ಮಾತಾಡುವುದು, ಕಾಲು ನೆಲಕ್ಕೆ ಬಡಿಯುವುದು, ಇವೆಲ್ಲ ಇದರೊಳಗೆ ಬರುತ್ತವೆ. ನಾವು ರಚ್ಚೆ ಹಿಡಿಯುವುದು ಎನ್ನುತ್ತೇವಲ್ಲ, ಅದರ ಪಕ್ಕದಲ್ಲಿರುವ ಪದ ಇದು. ಮೊದಮೊದಲು ಇಂಗ್ಲಿಷಿನಲ್ಲಿ ಇದಕ್ಕೆ ಉದ್ಧಟ, ನಾಚಿಕೆ ಬಿಟ್ಟ ಎಂಬ ಅರ್ಥವಿತ್ತು. ಸಣ್ಣ ವಿಷಯಕ್ಕೂ ಸಿಡಿಮಿಡಿ ಎಂಬ ಈಗಿನ ಅರ್ಥ 18ನೇ ಶತಮಾನದಲ್ಲಿ ಗಟ್ಟಿಯಾಯಿತು. ದೊಡ್ಡವರಿಗೆ ಪೆಟ್ಯುಲಂಟ್ ಎಂದು ಬರೆದರೆ ಅದು ಕಟುವಾದ ಟೀಕೆ. ಕಚೇರಿಯ ಪತ್ರದಲ್ಲಿ ಅದನ್ನು ಬಳಸುವ ಮೊದಲು ಎರಡು ಸಲ ಯೋಚಿಸಿ.

ಮೂಡಿ ಪದವನ್ನು ನಾವು ಜಾಸ್ತಿ ತಪ್ಪಾಗಿ ಬಳಸುತ್ತೇವೆ. ‘ಮೂಡ್ ಚೆನ್ನಾಗಿಲ್ಲ’ ಎನ್ನಲು ‘ಇವತ್ತು ಮೂಡಿ ಆಗಿದ್ದಾನೆ’ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಆ ಬಳಕೆಯೂ ಇದೆ, ಸುಳ್ಳಲ್ಲ. ಆದರೆ ಪದದ ಮುಖ್ಯ ಅರ್ಥ ಗಳಿಗೆಗೊಂದು ಬಣ್ಣ ಎಂಬುದು. ಬೆಳಿಗ್ಗೆ ನಗು, ಮಧ್ಯಾಹ್ನ ಕೋಪ, ಸಂಜೆ ಮತ್ತೆ ನಗು, ಕಾರಣ ಯಾರಿಗೂ ತಿಳಿಯದು. ನಿಮ್ಮ ಹುಡುಗನಿಗೆ ಕಾರಣ ಇದೆ. ಎಲ್ಲರ ಮುಂದೆ ತಪ್ಪು ತೋರಿಸಿದಾಗ ಮಾತ್ರ ಹೀಗಾಗುತ್ತಾನೆ ಎಂದು ನೀವೇ ಬರೆದಿದ್ದೀರಿ. ಮೂಡಿ ಎಂದರೆ ಆ ಕಾರಣವೇ ಅಳಿಸಿಹೋಗುತ್ತದೆ.

ಇದೇ ಬಳಗದಲ್ಲಿ ಇನ್ನೂ ಮೂರು ಪದ ಆಗಾಗ ಎದುರಾಗುತ್ತವೆ. ‘ಮರೋಸ್’ ಎಂದರೆ ಗಾಢವಾಗಿ ಕವಿದ ಖಿನ್ನತೆ, ಸಿಡುಕು, ಯಾರೊಂದಿಗೂ ಸೇರದಿರುವುದು. ಅದು ಯಾರೋ ಒಬ್ಬರ ಮೇಲಿನ ಮುನಿಸಲ್ಲ, ಹೆಚ್ಚಾಗಿ ದೊಡ್ಡವರಿಗೆ ಹೇಳುತ್ತಾರೆ. ‘ಸರ್ಲಿ’ ಎಂದರೆ ಒರಟು. ಮಾತಾಡುತ್ತಾನೆ, ಆದರೆ ಕೇಳಿದ್ದಕ್ಕೆ ಗದರಿದಂತೆ ಅರ್ಧ ಉತ್ತರ. ‘ಗ್ಲಮ್’ ಎಂದರೆ ಜೋಲು ಮುಖ. ಈ ಮೂರರಲ್ಲಿ ಗ್ಲಮ್ ಒಂದರಲ್ಲೇ ಮರುಕಕ್ಕೆ ಜಾಗವಿದೆ, ಅದು ಯಾರನ್ನೂ ದೂರುವುದಿಲ್ಲ. ಗೊಂದಲವಾದರೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಅವನ ಬಾಯಿ ಏನು ಮಾಡುತ್ತಿದೆ? ಮುಚ್ಚಿದ್ದರೆ ಸಲನ್, ಗೊಣಗುತ್ತಿದ್ದರೆ ಪೆಟ್ಯುಲಂಟ್, ಗದರುತ್ತಿದ್ದರೆ ಸರ್ಲಿ. ಪೂರ್ತಿ ಉತ್ತರ ಇದರಿಂದ ಸಿಗದಿದ್ದರೂ ದೊಡ್ಡ ತಪ್ಪು ತಪ್ಪುತ್ತದೆ.

ಹಾಗಾದರೆ ಪದ ಸರಿಯಿದ್ದೂ ಯಾಕೆ ಎಡವಟ್ಟಾಯಿತು? ನಿಮ್ಮ ಪತ್ರವನ್ನೇ ಮತ್ತೆ ಓದಿ. ಕನ್ನಡದಲ್ಲಿ ನೀವು ಬರೆದದ್ದು ಹೀಗಿದೆ: ‘ಎಲ್ಲರ ಮುಂದೆ ತಪ್ಪು ತೋರಿಸಿದರೆ ಮುಖ ಬಿಗಿದುಕೊಂಡು ಕೂತುಬಿಡುತ್ತಾನೆ.’ ಇದರಲ್ಲಿ ಯಾವಾಗ ಎಂಬುದಿದೆ, ಏನು ಮಾಡುತ್ತಾನೆ ಎಂಬುದಿದೆ, ಮಗುವಿಗೆ ಅಂಟಿಸಿದ ಹೆಸರು ಮಾತ್ರ ಇಲ್ಲ. ಇಂಗ್ಲಿಷಿಗೆ ಹೋಗುವಾಗ ಈ ಇಡೀ ವಾಕ್ಯ ‘ಎ ಸಲನ್ ಬಾಯ್’ ಆಯಿತು. ಸಂದರ್ಭ ಬಿದ್ದುಹೋಯಿತು. ಮಾಡಿದ ಕೆಲಸವೂ ಬಿದ್ದುಹೋಯಿತು. ಹುಡುಗನ ಸ್ವಭಾವವೇ ಅದು ಎಂಬ ತೀರ್ಪು ಮಾತ್ರ ಉಳಿಯಿತು.

ಇದು ನಿಮ್ಮೊಬ್ಬರ ಕಥೆಯಲ್ಲ. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆಯುವ ನಮಗೆಲ್ಲ ಹೀಗಾಗುತ್ತದೆ. ಈ ಭಾವವನ್ನು ಹೇಳಲು ನಮ್ಮ ಭಾಷೆಯಲ್ಲಿ ಗುಣವಾಚಕಗಳಿಗಿಂತ ಕ್ರಿಯೆಗಳು ಹೆಚ್ಚು. ಮುಖ ಊದಿಸಿಕೊಳ್ಳುವುದು, ಮೂತಿ ತಿರುಗಿಸುವುದು, ಮುಖ ಗಂಟಿಕ್ಕುವುದು, ಮುನಿಸಿಕೊಳ್ಳುವುದು, ಮಾತು ಬಿಡುವುದು. ಎಲ್ಲವೂ ಮಾಡುವ ಕೆಲಸ, ಮಾಡಿ ಮುಗಿಯುವ ಕೆಲಸ. ‘ಮುಖ ಊದಿಸಿಕೊಂಡ ಹುಡುಗ’ ಎಂದರೂ ಅವನು ಈಗ ಹಾಗಿದ್ದಾನೆ ಎಂದಷ್ಟೇ ಕೇಳುತ್ತದೆ. ‘ಸಿಡುಕ’, ‘ಮುಂಗೋಪಿ’ ಎಂಬಂಥ ಹೆಸರಿಡುವ ಪದಗಳೂ ಇವೆ, ಆದರೆ ಅವನ್ನು ನಾವು ಎಚ್ಚರದಿಂದಲೇ ಬಳಸುತ್ತೇವೆ. ಇಂಗ್ಲಿಷಿನ ಗುಣವಾಚಕ ಬಳಸುವಾಗ ಆ ಎಚ್ಚರ ನಮ್ಮ ಕೈತಪ್ಪುತ್ತದೆ. ಅದು ಪರಭಾಷೆಯ ಪದವಾದ್ದರಿಂದ ಅದರ ಚುರುಕು ನಮಗೆ ನೇರವಾಗಿ ತಾಗುವುದಿಲ್ಲ.

ಇನ್ನೊಂದು ವ್ಯತ್ಯಾಸವನ್ನೂ ಹೇಳಲೇಬೇಕು. ನಮ್ಮ ‘ಮುನಿಸು’ ಪದದಲ್ಲಿ ಸಲುಗೆ ಇದೆ. ಯಾರ ಮೇಲೆ ಹಕ್ಕಿದೆಯೋ ಅವರ ಮೇಲೆ ಮುನಿಸಿಕೊಳ್ಳುತ್ತೇವೆ. ಮುನಿದವರನ್ನು ರಮಿಸಬೇಕು ಎಂಬ ನಿರೀಕ್ಷೆಯೂ ಅದರ ಜೊತೆಗೇ ಬರುತ್ತದೆ. ಸಲನ್ ಪದದಲ್ಲಿ ಈ ಸಲುಗೆ ಇಲ್ಲ. ಮನಸ್ಸಿನಲ್ಲಿ ಮುನಿಸು ಎಂದುಕೊಂಡು ಸಲನ್ ಎಂದು ಬರೆದರೆ, ನಿಮ್ಮ ಅಕ್ಕರೆ ನಿಮ್ಮಲ್ಲೇ ಉಳಿಯುತ್ತದೆ. ಕಾಗದದ ಮೇಲೆ ದೂರು ಮಾತ್ರ ಇಳಿಯುತ್ತದೆ. ನಿಮಗೆ ಆ ಹುಡುಗನ ಮೇಲೆ ಅಕ್ಕರೆ ಇದೆ ಎಂದು ನಿಮ್ಮ ಪತ್ರ ಓದಿದ ಯಾರಿಗಾದರೂ ಗೊತ್ತಾಗುತ್ತದೆ. ಅವನ ತಂದೆಗೆ ಸಿಕ್ಕಿದ್ದು ಆ ಐದು ಪದದ ಸಾಲು ಮಾತ್ರ.

ಏನು ಬರೆಯಬಹುದಿತ್ತು? ನನಗೆ ಕೆಲವು ದಾರಿ ಕಾಣುತ್ತವೆ. ಯಾವುದೂ ಪೂರ್ತಿ ಸುರಕ್ಷಿತವಲ್ಲ.

ಸಲನ್ ಪದವನ್ನೇ ಇಟ್ಟುಕೊಂಡು, ಅದಕ್ಕೆ ಸಂದರ್ಭ ಕಟ್ಟಬಹುದು. ‘ಹಿ ಕ್ಯಾನ್ ಬಿಕಮ್ ಸಲನ್ ವೆನ್ ಕರೆಕ್ಟೆಡ್ ಇನ್ ಫ್ರಂಟ್ ಆಫ್ ಅದರ್ಸ್.’ ಇಲ್ಲಿ ‘ಕ್ಯಾನ್ ಬಿಕಮ್’ ಎಂಬುದು ಯಾವಾಗಲೂ ಹೀಗಲ್ಲ ಎನ್ನುತ್ತದೆ. ‘ವೆನ್’ ಎಂಬುದು ಕಾರಣ ತೋರಿಸುತ್ತದೆ. ‘ಬಾಯ್’ ಎಂಬ ನಾಮಪದದ ಮುಂದೆ ಕೂತಿದ್ದ ಪದ ಈಗ ಕ್ರಿಯಾಪದದ ಹಿಂದೆ ಬಂದಿದೆ. ಈ ಸ್ಥಾನಪಲ್ಲಟ ಸಣ್ಣದೆಂದು ಕಾಣಬಹುದು. ಆದರೆ ನಾಮಪದಕ್ಕೆ ಅಂಟಿದ ಗುಣವಾಚಕ ಸಾಮಾನ್ಯವಾಗಿ ಕಾಯಂ ಗುಣದಂತೆ ಕೇಳುತ್ತದೆ. ಕ್ರಿಯಾಪದದ ನಂತರ, ಸಂದರ್ಭದ ಜೊತೆ ಬಂದರೆ ಆ ಹೊತ್ತಿನ ಸ್ಥಿತಿಯಂತೆ ಕೇಳುತ್ತದೆ. ಇದರಲ್ಲಿ ಉಳಿಯುವ ಅಪಾಯ ಒಂದೇ. ಓದುವವರು ವಾಕ್ಯ ಬಿಟ್ಟು ಮತ್ತೆ ಆ ಒಂದು ಪದವನ್ನೇ ಫೋನಿನಲ್ಲಿ ಹುಡುಕಬಹುದು.

ಪದವನ್ನು ಕೈಬಿಟ್ಟು ಕಂಡದ್ದನ್ನೇ ಬರೆಯಬಹುದು. ‘ವೆನ್ ಎ ಮಿಸ್ಟೇಕ್ ಈಸ್ ಪಾಯಿಂಟೆಡ್ ಔಟ್ ಇನ್ ಕ್ಲಾಸ್, ಹಿ ಗೋಸ್ ಸೈಲೆಂಟ್ ಅಂಡ್ ಫೈಂಡ್ಸ್ ಇಟ್ ಹಾರ್ಡ್ ಟು ರಿಜಾಯಿನ್ ದಿ ಲೆಸನ್.’ ನನ್ನ ಮೆಚ್ಚಿನ ದಾರಿ ಇದು. ನಿಮ್ಮ ಕನ್ನಡ ವಾಕ್ಯದ ನಿಜವಾದ ಇಂಗ್ಲಿಷ್ ರೂಪವೂ ಇದೇ. ಕಣ್ಣಿಗೆ ಕಂಡದ್ದು ಇದೆ, ಮನಸ್ಸಿನ ಬಗ್ಗೆ ಊಹೆ ಇಲ್ಲ. ಓದಿದ ತಂದೆಗೆ ಏನು ಮಾಡಬೇಕು ಎಂಬ ಸುಳಿವೂ ಸಿಗುತ್ತದೆ. ತೊಂದರೆ ಎಂದರೆ ಸಾಲು ಉದ್ದವಾಗುತ್ತದೆ. ವರದಿಯ ಪಟ್ಟಿಯಲ್ಲಿ ಜಾಗ ಸಾಲದೆ ಹೋಗಬಹುದು. ಇಂಥ ಮೂರು ನಾಲ್ಕು ಸಾಲು ಒಂದರ ಕೆಳಗೊಂದು ಬಂದರೆ ತಪ್ಪುಗಳ ಪಟ್ಟಿಯಂತೆ ಕಾಣುವ ಅಪಾಯವೂ ಇದೆ. ಒಂದು ವರದಿಯಲ್ಲಿ ಇಂಥದ್ದು ಒಂದೇ ಇರಲಿ.

ಮೂರನೆಯದು ಮೆತ್ತನೆಯ ಪದ ಹುಡುಕುವುದು. ಕ್ವೈಟ್, ರಿಸರ್ವ್ಡ್, ಸೆನ್ಸಿಟಿವ್, ಹೀಗೆ. ತುಂಬ ಶಿಕ್ಷಕರು ಇದನ್ನೇ ಮಾಡುತ್ತಾರೆ. ಯಾರಿಗೂ ನೋವಾಗಬಾರದು ಎಂಬ ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ. ಆದರೂ ಇದು ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ರಿಸರ್ವ್ಡ್ ಎಂದರೆ ಮಿತಭಾಷಿ. ನಿಮ್ಮ ಹುಡುಗ ಉಳಿದ ಹೊತ್ತಿನಲ್ಲಿ ಚೆನ್ನಾಗಿ ಮಾತಾಡುವವನಾದರೆ ಅದು ಸುಳ್ಳಾಗುತ್ತದೆ. ಸೆನ್ಸಿಟಿವ್ ಒಂದಷ್ಟು ಹತ್ತಿರ ಬರುತ್ತದೆ, ಆದರೆ ಏನಾಗುತ್ತಿದೆ ಎಂದು ಮನೆಯವರಿಗೆ ತಿಳಿಯುವುದಿಲ್ಲ. ಇನ್ನು ‘ವಿತ್‌ಡ್ರಾನ್’ ಮೆತ್ತನೆಯ ಪದ ಎಂದುಕೊಂಡು ಬಳಸುವವರಿದ್ದಾರೆ. ದಯವಿಟ್ಟು ಬೇಡ. ಎಲ್ಲರಿಂದ ಹಿಂದೆ ಸರಿದ, ತನ್ನೊಳಗೆ ಮುದುಡಿಕೊಂಡ ಮಗುವಿಗೆ ಅದನ್ನು ಹೇಳುತ್ತಾರೆ. ಮಕ್ಕಳ ಮಾನಸಿಕ ಆರೋಗ್ಯದ ಮಾತು ಬಂದಾಗ ಜಾಸ್ತಿ ಕೇಳುವ ಪದ ಅದು. ಸಲನ್‌ಗಿಂತ ದೊಡ್ಡ ಗಾಬರಿ ಹುಟ್ಟಿಸಬಹುದು.

ಏನೂ ಬರೆಯದೆ ಬಿಟ್ಟು, ಮುಖಾಮುಖಿ ಹೇಳುವುದು ಕೊನೆಯ ದಾರಿ. ಮಾತಿನಲ್ಲಿ ದನಿ ಇರುತ್ತದೆ, ಮುಖ ಇರುತ್ತದೆ, ತಪ್ಪು ತಿಳಿದರೆ ಅಲ್ಲೇ ತಿದ್ದಬಹುದು. ಬರೆದ ಸಾಲು ಹಾಗಲ್ಲ, ಫೈಲಿನಲ್ಲಿ ಉಳಿಯುತ್ತದೆ. ಮುಂದಿನ ವರ್ಷದ ಶಿಕ್ಷಕರು ಮಗುವನ್ನು ನೋಡುವ ಮೊದಲೇ ಅದನ್ನು ಓದುತ್ತಾರೆ. ಸಲನ್ ಎಂದು ಓದಿಕೊಂಡು ಬಂದವರಿಗೆ ಅವನ ಸಾಧಾರಣ ಮೌನವೂ ಸಲನ್ ಆಗಿಯೇ ಕಾಣುವ ಸಾಧ್ಯತೆ ಇದೆ. ಆದರೆ ಎಲ್ಲವನ್ನೂ ಮಾತಿಗೇ ಬಿಟ್ಟರೆ ಏನೂ ದಾಖಲಾಗುವುದಿಲ್ಲ, ಮುಂದೆ ಬೇಕಾದಾಗ ಹಿಂದಿನ ಸುಳಿವು ಸಿಗುವುದಿಲ್ಲ. ಮೊದಲು ಮಾತಾಡಿ, ಆಮೇಲೆ ಎರಡನೇ ದಾರಿಯಂತೆ ಒಂದು ಸಾಲು ಬರೆಯುವುದು ನನ್ನ ಸಲಹೆ.

ಆ ತಂದೆಯವರಿಗೆ ಈಗ ಏನು ಹೇಳುವುದು? ಪದದ ಅರ್ಥ ಹೇಳಿ ವಾದ ಗೆಲ್ಲಲು ಹೋಗಬೇಡಿ. ‘ಮನುಷ್ಯರಿಗೆ ಹೇಳುವಾಗ ಜಡ ಎಂಬ ಅರ್ಥ ಇದಕ್ಕಿಲ್ಲ, ನಿಮ್ಮ ಮಗ ಚುರುಕಾಗಿದ್ದಾನೆ. ತಪ್ಪು ತೋರಿಸಿದಾಗ ಅವನಿಗೆ ಬೇಜಾರಾಗಿ ಮಾತು ನಿಲ್ಲಿಸುತ್ತಾನೆ, ಅದನ್ನು ಹೇಳಲು ಹೊರಟಿದ್ದೆ, ಆ ಸಾಲನ್ನು ಬದಲಿಸುತ್ತೇನೆ’ ಎಂದರೆ ಸಾಕು. ಸಾಧ್ಯವಿದ್ದರೆ ವರದಿಯಲ್ಲಿ ನಿಜವಾಗಿಯೂ ಬದಲಿಸಿಕೊಡಿ. ಮನೆಯಲ್ಲೂ ಹೀಗೆಯೇ ಇರುತ್ತಾನಾ ಎಂದು ಕೇಳಿ. ನಿಮಗೆ ಗೊತ್ತಿಲ್ಲದ ವಿಷಯ ಅವರಿಂದ ಸಿಗಬಹುದು. ತರಗತಿಯಲ್ಲಿ ಅವನ ತಪ್ಪನ್ನು ಬೇರೆಯವರ ಮುಂದೆ ಹೇಳದೆ, ಪುಸ್ತಕದಲ್ಲಿ ಗುರುತು ಹಾಕಿ ಕೊಟ್ಟರೆ ಏನಾಗುತ್ತದೆ ಎಂದೂ ನೋಡಿ.

ಒಂದು ಮಾತು ಮಾತ್ರ ಭಾಷೆಯ ಗಡಿ ದಾಟಿ ಹೇಳುತ್ತೇನೆ. ನಾನು ವೈದ್ಯನಲ್ಲ. ಆದರೆ ಮಕ್ಕಳಲ್ಲಿ, ಹದಿಹರೆಯದವರಲ್ಲಿ ಖಿನ್ನತೆ ಕೆಲವೊಮ್ಮೆ ದುಃಖವಾಗಿ ಕಾಣದೆ ಸಿಡುಕಾಗಿ ಕಾಣುತ್ತದೆ ಎಂಬುದನ್ನು ಮನೋವೈದ್ಯರ ರೋಗನಿರ್ಣಯ ಕೈಪಿಡಿಗಳೇ ಹೇಳುತ್ತವೆ. ನಿಮ್ಮ ಹುಡುಗನ ಮೌನಕ್ಕೆ ಗೊತ್ತಾದ ಕಾರಣ ಇದೆ, ಆಮೇಲೆ ಅವನು ಸರಿಹೋಗುತ್ತಾನೆ. ಅದು ಒಳ್ಳೆಯ ಲಕ್ಷಣ. ಆದರೆ ಯಾವ ಮಗುವಾದರೂ ವಾರಗಟ್ಟಲೆ ಹೀಗೇ ಇದ್ದರೆ, ನಿದ್ದೆ ಊಟ ಬಿಟ್ಟರೆ, ಗೆಳೆಯರನ್ನೂ ಬಿಟ್ಟರೆ, ಆಗ ಸಲನ್ ಎಂಬ ಪದ ಹಾಕಿ ಮುಂದೆ ಹೋಗುವುದು ಅಪಾಯ. ‘ಬೇಕಂತಲೇ ಮಾಡುತ್ತಾನೆ’ ಎಂಬ ಆರೋಪ ಆ ಪದದೊಳಗೆ ಇದೆ ಎಂದೆನಲ್ಲ, ಅದು ನೋವನ್ನು ಹಟ ಎಂದು ತೋರಿಸಿಬಿಡುತ್ತದೆ. ಅಂಥ ಮಗುವನ್ನು ಆಪ್ತಸಲಹೆಗಾರರಿಗೆ ಅಥವಾ ವೈದ್ಯರಿಗೆ ತೋರಿಸಲು ಮನೆಯವರಿಗೆ ಹೇಳಬೇಕು.

ಆಕಾಶದ ಪ್ರಶ್ನೆ ಬಾಕಿ ಇದೆ. ಸಲನ್ ಸ್ಕೈ ಎಂದರೆ ದಟ್ಟ ಮೋಡ ಕವಿದ, ಮಬ್ಬುಗಟ್ಟಿದ, ಬಿಸಿಲು ಬರುವ ಲಕ್ಷಣವಿಲ್ಲದ ಆಕಾಶ. ಇದು ಸಾಹಿತ್ಯದ ಬಳಕೆ. ಹವಾಮಾನ ವರದಿಯಲ್ಲಿ ಯಾರೂ ಹೀಗೆ ಹೇಳುವುದಿಲ್ಲ. ಗುಡುಗುವ, ಸುರಿಯುವ ಆಕಾಶಕ್ಕೆ ಈ ಪದ ಹೊಂದುವುದಿಲ್ಲ. ಸಲನ್ ಮನುಷ್ಯ ಮಾತಾಡದ ಹಾಗೆ ಇದೂ ಸದ್ದಿಲ್ಲದೆ ಭಾರವಾಗಿ ನಿಂತಿರುತ್ತದೆ. ಸಮುದ್ರಕ್ಕೆ, ಚಳಿಗಾಲದ ಬೆಳಗಿಗೆ, ಬೂದಿ ಮುಚ್ಚಿ ಉರಿಯದೆ ಕೂತ ಬೆಂಕಿಗೂ ಕಥೆಗಾರರು ಬಳಸುತ್ತಾರೆ. ಪೆಟ್ಯುಲಂಟ್ ಪದವನ್ನು ಹೀಗೆ ಆಕಾಶಕ್ಕೆ ಹಚ್ಚುವುದು ಅಪರೂಪ. ಮಕ್ಕಳಿಗೆ ಕನ್ನಡದಲ್ಲಿ ಹೇಳುವಾಗ ‘ಮುನಿದ ಆಕಾಶ’ ಎನ್ನುವುದಕ್ಕಿಂತ ‘ಮೋಡ ಕವಿದು ಮುಖ ಗಂಟಿಕ್ಕಿದ ಆಕಾಶ’ ಎನ್ನಿ. ಚಿತ್ರ ಕಣ್ಣಿಗೆ ಕಟ್ಟುತ್ತದೆ.

ಪಾಠ ಮಾಡುವಾಗ ಉಚ್ಚಾರವನ್ನೂ ಹೇಳಿಕೊಡಿ. ಬರೆಯುವಾಗ ‘ಯು’ ಅಕ್ಷರ ಇರುವುದರಿಂದ ಮಕ್ಕಳು ‘ಸುಲ್ಲೆನ್’ ಎಂದು ಓದುತ್ತಾರೆ. ಅದು ‘ಸಲನ್’, ಒತ್ತು ಮೊದಲ ಅಕ್ಷರದ ಮೇಲೆ. ಪೆಟ್ಯುಲಂಟ್‌ನಲ್ಲೂ ಒತ್ತು ಮೊದಲಿಗೇ. ಮರೋಸ್‌ನಲ್ಲಿ ಮಾತ್ರ ‘ರೋ’ ಮೇಲೆ. ‘ಸಾಲಮ್’ ಎಂಬ ಇನ್ನೊಂದು ಪದದ ಜೊತೆ ಸಲನ್ ಬೆರೆತುಹೋಗುವುದು ತುಂಬ ಸಾಮಾನ್ಯ, ಅದರ ಕೊನೆಯಲ್ಲಿ ಬರೆಯುವ ‘ಎನ್’ ಉಚ್ಚಾರದಲ್ಲಿ ಇಲ್ಲ. ಸಾಲಮ್ ಎಂದರೆ ಗಂಭೀರ. ಪ್ರಮಾಣವಚನ ತೆಗೆದುಕೊಳ್ಳುವವರ ಮುಖ ಸಾಲಮ್ ಆಗಿರುತ್ತದೆ, ಅದರಲ್ಲಿ ಕಹಿ ಇರುವುದಿಲ್ಲ. ಎರಡನ್ನೂ ಒಂದೊಂದು ವಾಕ್ಯದಲ್ಲಿಟ್ಟು ಹಲಗೆಯ ಮೇಲೆ ಪಕ್ಕಪಕ್ಕ ಬರೆದು ತೋರಿಸಿ. ಮಕ್ಕಳು ಮತ್ತೆ ಬೆರೆಸುವುದು ಕಡಿಮೆಯಾಗುತ್ತದೆ.